ಲೆಕ್ಕಕ್ಕಿಲ್ಲದ ಸರದಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಈ ಗಾದೆಯನ್ನು ನಾವು ಬ್ಯಾಂಕಿನ ಸಾಲಕ್ಕೆ ಬಳಸುತ್ತೇವೆ, ಕಚೇರಿಯ ಕಡತಕ್ಕೆ ಬಳಸುತ್ತೇವೆ, ಅನುಭವವಿಲ್ಲದೆ ಕೆಲಸವಿಲ್ಲ ಕೆಲಸವಿಲ್ಲದೆ ಅನುಭವವಿಲ್ಲ ಎನ್ನುವ ಕಡೆಯೂ ಬಳಸಿ ನಗುತ್ತೇವೆ. ಗಾದೆ ಹುಟ್ಟಿದ ಮನೆಯೊಳಗೆ ಇಣುಕಿ ನೋಡುವವರು ಮಾತ್ರ ಕಡಿಮೆ. ಆ ಮನೆಯಲ್ಲಿ ಒಬ್ಬ ಹುಡುಗನೋ ಹುಡುಗಿಯೋ ನಿದ್ದೆ ಬಿಟ್ಟು ತಿಂಗಳಾಗಿದೆ. ತಮ್ಮಷ್ಟಕ್ಕೆ ತಾವೇ ಮಾತಾಡಿಕೊಳ್ಳುತ್ತಾರೆ, ಅನ್ನಕ್ಕೆ ಯಾರೋ ಏನೋ ಬೆರೆಸಿದ್ದಾರೆಂದು ತಟ್ಟೆ ದೂಡುತ್ತಾರೆ. ಮನೆಯವರು ಕಾಯುತ್ತಿದ್ದಾರೆ. ಅಮಾವಾಸ್ಯೆ ಕಳೆಯಲಿ, ಪರೀಕ್ಷೆ ಮುಗಿಯಲಿ, ಹರಕೆ ತೀರಲಿ, ಸುಗ್ಗಿಯಾಗಿ ಕೈಯಲ್ಲಿ ನಾಲ್ಕು ಕಾಸು ಆಡಲಿ, ಕೊನೆಗೆ ಮದುವೆಯೇ ಒಂದು ಆಗಿಬಿಡಲಿ. ಮಾನಸಿಕ ಆರೋಗ್ಯದ ಬಗ್ಗೆ ನಮ್ಮಲ್ಲಿ ಈಗ ಎಷ್ಟೋ ಮಾತು ನಡೆಯುತ್ತದೆ, ಅಕ್ಟೋಬರ್ 10 ಬಂತೆಂದರೆ ಜಾಥಾ ಹೊರಡುತ್ತದೆ, ಬ್ಯಾನರ್ ಕಟ್ಟುತ್ತಾರೆ. ಈ ಕಾಯುವಿಕೆಯ ಬಗ್ಗೆ ಮಾತು ಬರುವುದು ಅಪರೂಪ. ಬಂದರೂ ಅದು ಆಸ್ಪತ್ರೆಯ ಬಾಗಿಲಿನ ಸರದಿಯ ಬಗ್ಗೆ ಇರುತ್ತದೆ. ಟೋಕನ್‌ಗಾಗಿ ನಿಂತ ಸಾಲು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಇರಬೇಕು.

ಇಂಗ್ಲೆಂಡಿನಲ್ಲಿ ಮಾನಸಿಕ ಚಿಕಿತ್ಸೆಗೆ ಕಾಯಬೇಕಾದ ಅವಧಿ ಅಲ್ಲಿಯ ಪತ್ರಿಕೆಗಳ ಕಾಯಂ ಸುದ್ದಿ. ಅಲ್ಲಿಯ ಸರ್ಕಾರಿ ಆರೋಗ್ಯ ಸೇವೆ ಮಾತಿನ ಚಿಕಿತ್ಸೆಗೆ ಹೆಸರು ಕೊಟ್ಟವರಲ್ಲಿ ಶೇ 75 ಮಂದಿಗೆ 6 ವಾರದೊಳಗೆ, ಶೇ 95 ಮಂದಿಗೆ 18 ವಾರದೊಳಗೆ ಚಿಕಿತ್ಸೆ ಶುರುವಾಗಬೇಕೆಂದು ಗಡುವು ಹಾಕಿಕೊಂಡಿದೆ. ಮೊದಲ ಬಾರಿ ತೀವ್ರ ಚಿತ್ತವಿಕಾರ ಕಾಣಿಸಿಕೊಂಡವರಿಗಾದರೆ ಎರಡೇ ವಾರದ ಮಾತು. ಗಡುವು ತಪ್ಪುವುದುಂಟು, ತಪ್ಪಿದಾಗ ಗಲಾಟೆಯೂ ಆಗುತ್ತದೆ. ಗಲಾಟೆ ಮಾಡಲು ಅವರ ಕೈಯಲ್ಲಿ ಒಂದು ಅಂಕಿ ಇದೆ ಎನ್ನುವುದು ನನಗೆ ಮುಖ್ಯವಾಗಿ ಕಾಣುವ ಸಂಗತಿ. ನಮ್ಮಲ್ಲಿ ಕಾಯುವವರ ಪಟ್ಟಿಯೇ ಇಲ್ಲ. ಬೆಳಿಗ್ಗೆ ಬಂದವರನ್ನು ಅವತ್ತೇ ನೋಡಿ ಕಳಿಸುವುದು ನಮ್ಮ ಸರ್ಕಾರಿ ಆಸ್ಪತ್ರೆಗಳ ಪದ್ಧತಿ, ಅದರಲ್ಲಿ ಒಂದು ದೊಡ್ಡತನವೂ ಇದೆ. ಆದರೆ ಪಟ್ಟಿ ಇಲ್ಲ ಎಂದ ಮಾತ್ರಕ್ಕೆ ಕಾಯುವವರು ಇಲ್ಲ ಎಂದಾಗುವುದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ಕಾಯಿಲೆಗಳಲ್ಲಿ ಶೇ 70ರಿಂದ 92ರಷ್ಟು ಮಂದಿ ಚಿಕಿತ್ಸೆಯ ಹೊರಗಿದ್ದರು. ಇವರೆಲ್ಲ ಸರದಿಯಲ್ಲೇ ಇರುವವರು. ಆ ಸರದಿಯ ಬಾಲ ಮನೆಯ ಹಿಂದಿನ ಕೋಣೆಯಲ್ಲಿದೆ, ತಲೆ ಮಾತ್ರ ಆಸ್ಪತ್ರೆಯ ಕಿಟಕಿಯ ಮುಂದಿದೆ. ಹಾಗಾಗಿ ಕಾಯುವಿಕೆಯನ್ನು ಕಾಯಿಲೆ ಶುರುವಾದ ದಿನದಿಂದ ಎಣಿಸಬೇಕು ಎಂಬುದು ನನ್ನ ವಾದ. ಹಾಗೆ ಎಣಿಸಿದರೆ ಪರಿಹಾರವಾಗಿ ಕಾಣುವುದು ದೊಡ್ಡ ಆಸ್ಪತ್ರೆಯ ಇನ್ನೊಂದು ಬ್ಲಾಕ್ ಅಲ್ಲ, ಊರಿನ ಹತ್ತಿರವೇ ತಿಂಗಳು ತಿಂಗಳೂ ತಪ್ಪದೆ ಸಿಗುವ ಸಾದಾ ಚಿಕಿತ್ಸೆ. ಅದನ್ನು ಕರ್ನಾಟಕವೇ ಒಮ್ಮೆ ಮಾಡಿ ನೋಡಿದೆ, ಮಾಡಿ ಅರ್ಧ ಮರೆತಿದೆ.

ಬಹಳ ಕಾಲ ನಮ್ಮ ನಾಡಿಗೆ ಎರಡೇ ಬಾಗಿಲು. ಉತ್ತರದವರಿಗೆ ಧಾರವಾಡ, 1845ರಷ್ಟು ಹಳೆಯದು. ದಕ್ಷಿಣದವರಿಗೆ ಬೆಂಗಳೂರು. ಮೈಸೂರು ಸಂಸ್ಥಾನದ ಕಾಲದಲ್ಲಿ ಬೆಂಗಳೂರಿನದಕ್ಕೆ ಇದ್ದ ಲುನಾಟಿಕ್ ಅಸೈಲಂ ಎಂಬ ಹೆಸರು 1925ರಲ್ಲಿ ಹೋಗಿ ಮೆಂಟಲ್ ಹಾಸ್ಪಿಟಲ್ ಆಯಿತು. ಆಮೇಲೆ ಹೊಸೂರು ರಸ್ತೆಗೆ ಬಂತು, 1954ರಲ್ಲಿ ಪಕ್ಕದಲ್ಲೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು, 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಜನರ ಬಾಯಲ್ಲಿ ಮಾತ್ರ ಅದು ಹುಚ್ಚಾಸ್ಪತ್ರೆಯಾಗಿಯೇ ಬಹಳ ದಿನ ಉಳಿಯಿತು. ‘ಧಾರವಾಡಕ್ಕೆ ಕಳಿಸಬೇಕು ನಿನ್ನ’ ಎನ್ನುವ ಬೈಗುಳ ಉತ್ತರದವರಿಗೆ ನೆನಪಿದೆ, ಆ ಊರಿನಿಂದ ಇಷ್ಟೊಂದು ಕವಿಗಳು ಬಂದಿದ್ದರೂ. ಬೈಗುಳ ಕಳಂಕವನ್ನು ಹೇಳುತ್ತದೆ, ನಿಜ. ಅದರೊಳಗೆ ದೂರವೂ ಅಡಗಿದೆ. ಕಳಿಸಬೇಕಾದ ಜಾಗ ಅದು, ಹೋಗಿ ಬರುವ ಜಾಗವಲ್ಲ. ಜ್ವರಕ್ಕೆ ಯಾರೂ ಯಾರನ್ನೂ ಕಳಿಸುವುದಿಲ್ಲ. ಬೀದರಿನವರಿಗೆ, ರಾಯಚೂರಿನವರಿಗೆ, ಕೊಡಗಿನ ಮೂಲೆಯವರಿಗೆ ಚಿಕಿತ್ಸೆ ಎಂದರೆ ಪ್ರಯಾಣ ಎಂದೇ ಆದಮೇಲೆ ಹೊರಡುವ ಮೊದಲು ಮನೆಯವರು ಕಾದು ನೋಡುವುದರಲ್ಲಿ ಅವಿವೇಕವೇನೂ ಇರಲಿಲ್ಲ. ಅವರ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು.

ಈ ದೂರವನ್ನು ಮೊದಲು ಗಂಭೀರವಾಗಿ ತೆಗೆದುಕೊಂಡವರು ದೊಡ್ಡ ಆಸ್ಪತ್ರೆಯ ಒಳಗಿನವರೇ. 1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯದ ಘಟಕ ಶುರುವಾಯಿತು, ಅದರ ಬೆನ್ನಿಗೇ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹರಿಯಾಣದ ರಾಯಪುರ ರಾಣಿಯಲ್ಲಿ ಚಂಡೀಗಢದ ವೈದ್ಯರು ಇಂಥದೇ ಪ್ರಯೋಗ ನಡೆಸಿದ್ದರು. ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಕಾರ್ಯಕರ್ತರಿಗೆ ಕೆಲವೇ ಕಾಯಿಲೆಗಳನ್ನು ಗುರುತಿಸಲು, ಕೆಲವೇ ಔಷಧ ಕೊಡಲು ಕಲಿಸಿಕೊಟ್ಟರೆ ಏನಾಗುತ್ತದೆ ಎಂಬುದು ಪ್ರಶ್ನೆ. ಕೆಲಸ ಆಗುತ್ತದೆ ಎಂದು ಉತ್ತರ ಬಂತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಕಾಗದದ ಮೇಲೆ ಹುಟ್ಟಿತು. ಆದರೆ ಒಂದೆರಡು ಕೇಂದ್ರಗಳ ಸುತ್ತ ಆಗಿದ್ದು ಇಡೀ ಜಿಲ್ಲೆಗೆ ಆದೀತೇ? ಅದನ್ನು ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1981ರ ಜನಗಣತಿಯ ಪ್ರಕಾರ ಸುಮಾರು 15 ಲಕ್ಷ ಜನ, ಬೆಂಗಳೂರಿಗೆ 300 ಕಿ.ಮೀ. ದೂರ, ಹಡಗಲಿ, ಕೂಡ್ಲಿಗಿ, ಸಂಡೂರು, ಸಿರುಗುಪ್ಪ ಎಲ್ಲ ಸೇರಿದ ಅಖಂಡ ಜಿಲ್ಲೆ. ಎಂಬತ್ತರ ದಶಕದ ನಡುವೆ ಶುರುವಾದ ಆ ಕೆಲಸವನ್ನು ಇಂದಿಗೂ ದೇಶದ ಮನೋವೈದ್ಯರು ‘ಬಳ್ಳಾರಿ ಮಾದರಿ’ ಎನ್ನುತ್ತಾರೆ. ಗಣಿಯ ಗಲಾಟೆಗೆ ಬಳ್ಳಾರಿಯನ್ನು ನೆನೆಯುವ ನಾವು ಇದಕ್ಕೆ ನೆನೆಯುವುದಿಲ್ಲ.

ಬಳ್ಳಾರಿಯಲ್ಲಿ ಮಾಡಿದ್ದೇನು ಎಂದು ಈಗ ತಿರುಗಿ ನೋಡಿದರೆ ಅದರ ಸಾದಾತನಕ್ಕೆ ಆಶ್ಚರ್ಯವಾಗುತ್ತದೆ. ಜಿಲ್ಲಾಸ್ಪತ್ರೆಯಲ್ಲಿ ಒಂದು ಸಣ್ಣ ತಂಡ. ಕೆಳಗಿನ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ಕಡಿಮೆ ಅವಧಿಯ ತರಬೇತಿ. ಬೆರಳೆಣಿಕೆಯ ಔಷಧಗಳು, ಮೂರ್ಛೆರೋಗದ ಮಾತ್ರೆಯೂ ಅದರಲ್ಲಿ ಸೇರಿತ್ತು. ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವ ಸರಳ ದಾಖಲೆ. ತಿಂಗಳಿಗೊಮ್ಮೆ ವರದಿ, ಮೇಲಿನ ತಂಡದವರ ಭೇಟಿ. ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಕೊನೆಯ ಎರಡು. ಚಿತ್ತವಿಕಲತೆಗೆ ಕೊಡುವ ಫ್ಲುಫೆನಜಿನ್ ಎಂಬ ದೀರ್ಘಕಾಲದ ಇಂಜೆಕ್ಷನ್ ಒಂದಿದೆ. ಸೊಂಟಕ್ಕೆ ಒಮ್ಮೆ ಹಾಕಿದರೆ ಎರಡರಿಂದ ನಾಲ್ಕು ವಾರ ಕೆಲಸ ಮಾಡುತ್ತದೆ. ಹಾಕಲು ಒಂದು ನಿಮಿಷ, ಹಾಕಲು ಬೇಕಾದವರು ಒಬ್ಬ ನರ್ಸ್. ಆ ಒಂದು ನಿಮಿಷಕ್ಕಾಗಿ 300 ಕಿ.ಮೀ. ಹೋಗಬೇಕಾದವರು ಎರಡು ಸಲ ಹೋಗುತ್ತಾರೆ, ಮೂರನೆಯ ಸಲಕ್ಕೆ ‘ಈಗ ಪರವಾಗಿಲ್ಲವಲ್ಲ’ ಎಂದು ನಿಲ್ಲಿಸುತ್ತಾರೆ. ಆರು ತಿಂಗಳಿಗೆ ಕಾಯಿಲೆ ಮತ್ತೆ ಬಂದರೆ ‘ಬೆಂಗಳೂರಿನ ಮದ್ದೂ ಹಿಡಿಯಲಿಲ್ಲ’ ಎಂಬ ಮಾತು ಊರಿಗೆಲ್ಲ ಹಬ್ಬುತ್ತದೆ. ಅದೇ ಇಂಜೆಕ್ಷನ್ ಸಂತೆಯ ದಿನ ಹೋಬಳಿಯ ಆಸ್ಪತ್ರೆಯಲ್ಲಿ ಸಿಕ್ಕರೆ, ಬಾರದಿದ್ದವರ ಹೆಸರು ಪುಸ್ತಕದಲ್ಲಿ ಖಾಲಿ ಚೌಕವಾಗಿ ಕಂಡು ಕಾರ್ಯಕರ್ತೆ ಮನೆಗೆ ಹೋಗಿ ‘ಯಾಕವ್ವ, ಈ ತಿಂಗ್ಳು ಬರ್ಲಿಲ್ಲ’ ಎಂದು ಕೇಳಿದರೆ, ಕಥೆ ಬೇರೆ.

1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಾಲ್ಕು ರಾಜ್ಯಗಳ ನಾಲ್ಕು ಜಿಲ್ಲೆಗಳಲ್ಲಿ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಬಳ್ಳಾರಿಯ ನಕ್ಷೆಯನ್ನೇ. ಇವತ್ತು ಕರ್ನಾಟಕದ ಜಿಲ್ಲೆಗಳಲ್ಲೆಲ್ಲ ಅದು ಇದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಹರಡುವಾಗ ಹುದ್ದೆ ಹರಡಿತು, ಶಿಬಿರ ಹರಡಿತು, ಗೋಡೆಬರಹ ಹರಡಿತು. ತಿಂಗಳ ಭೇಟಿ, ಹೆಸರಿನ ಪುಸ್ತಕ ಅಷ್ಟಾಗಿ ಹರಡಲಿಲ್ಲ. ಕಣ್ಣಿಗೆ ಕಾಣುವುದನ್ನು ನಕಲು ಮಾಡುವುದು ಸುಲಭ. ಒಮ್ಮೆ ತರಬೇತಿ ಪಡೆದ ವೈದ್ಯರು ವರ್ಗವಾಗಿ ಹೋದರೆ ಹೊಸಬರಿಗೆ ಮತ್ತೆ ಕಲಿಸಬೇಕು, ಗುತ್ತಿಗೆ ಹುದ್ದೆಯವರು ಬಿಟ್ಟು ಹೋದರೆ ಜಾಗ ಖಾಲಿ ಉಳಿಯುತ್ತದೆ, ‘ಮಾತ್ರೆ ಬಂದಿಲ್ಲ, ಮುಂದಿನ ವಾರ ನೋಡಿ’ ಎಂಬ ಒಂದು ಮಾತು ಎಷ್ಟೋ ತಿಂಗಳ ಚಿಕಿತ್ಸೆಯನ್ನು ಕೆಡಿಸುತ್ತದೆ. 2014ರಲ್ಲಿ ರಾಜ್ಯ ಸರ್ಕಾರ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದ ಕ್ಲಿನಿಕ್‌ಗಳನ್ನು ತಂದಿತು. ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು, ‘ಸೂಪರ್ ಮಂಗಳವಾರ’ ಎಂದೇ ಕರೆದರು. ಒಳ್ಳೆಯ ಯೋಚನೆ. ಲೆಕ್ಕ ಹಾಕಿ ನೋಡೋಣ. ಒಬ್ಬ ವೈದ್ಯರು ಹತ್ತು ಗಂಟೆಗೆ ಕೂತು ಎರಡು ಗಂಟೆಯ ತನಕ ಏಳದೆ 60 ಜನರನ್ನು ನೋಡಿದರೆ ತಲೆಗೆ ನಾಲ್ಕು ನಿಮಿಷ. ಹಳೆಯ ಚೀಟಿ ಬಿಡಿಸಿ ಓದಲು ಒಂದು ನಿಮಿಷ, ಹೊಸದು ಬರೆಯಲು ಒಂದು ನಿಮಿಷ. ಉಳಿದ ಎರಡು ನಿಮಿಷದಲ್ಲಿ ಮನಸ್ಸಿನ ಮಾತು. ಆ ಮಂಗಳವಾರ ಹಬ್ಬವೋ ಮುಷ್ಕರವೋ ಬಂದರೆ ಮುಂದಿನ ಸರದಿಯ ತನಕ ಕಾಯಬೇಕು.

ಹಾಗಾಗಿ ಜನ ಈಗಲೂ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೊಸೂರು ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ಇಳಿದವರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹಳೆಯ ಚೀಟಿಗಳು, ಬಿಪಿಎಲ್ ಕಾರ್ಡಿನ ಜೆರಾಕ್ಸು, ಒಂದು ಹೊದಿಕೆ, ರೊಟ್ಟಿಯ ಗಂಟು. ಕಾಯಿಲೆಯವರೊಂದಿಗೆ ಒಬ್ಬರಾದರೂ ಬರಲೇಬೇಕು, ಕೆಲವೊಮ್ಮೆ ಇಬ್ಬರು. ಹೋಗುವ ರಾತ್ರಿ, ಅಲ್ಲಿಯ ಹಗಲು, ಬರುವ ರಾತ್ರಿ. ಮರುದಿನ ಕೆಲಸಕ್ಕೆ ಹೋಗಲು ಮೈ ಏಳುವುದಿಲ್ಲ. ಹೀಗೆ ಒಂದು ತಿಂಗಳ ಮಾತ್ರೆಗೆ ಇಬ್ಬರ ನಾಲ್ಕು ದಿನದ ಕೂಲಿ ಹೋಗುತ್ತದೆ, ಮಾತ್ರೆ ಪುಕ್ಕಟೆ ಸಿಕ್ಕರೂ. ಚಿಕಿತ್ಸೆ ಮತ್ತು ಓಡಾಟಕ್ಕೆ ಕುಟುಂಬಗಳು ತಿಂಗಳಿಗೆ ಸಾಮಾನ್ಯವಾಗಿ 1,000ದಿಂದ 1,500 ರೂಪಾಯಿ ಕೈಯಿಂದ ಖರ್ಚು ಮಾಡುತ್ತಿದ್ದವೆಂದು ಆ ರಾಷ್ಟ್ರೀಯ ಸಮೀಕ್ಷೆಯೇ ಬರೆದಿದೆ. ಇದು ಹತ್ತು ವರ್ಷದ ಹಿಂದಿನ ದರ. ಚಿಕಿತ್ಸೆ ಕೊಡದೆ ಬಿಟ್ಟರೆ ಅಗ್ಗವೇ? ಗ್ರಾಮೀಣ ಕರ್ನಾಟಕದಲ್ಲಿ ಚಿಕಿತ್ಸೆಯೇ ಇಲ್ಲದಿದ್ದ ಚಿತ್ತವಿಕಲತೆಯ 100 ಮಂದಿಯನ್ನು ಹುಡುಕಿ, ಊರಲ್ಲೇ ಔಷಧ ಕೊಟ್ಟು, ಒಂದೂವರೆ ವರ್ಷ ಹಿಂಬಾಲಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಮಾಡಿದ್ದು. ಕಾಯಿಲೆಯ ಲಕ್ಷಣ ಇಳಿಯಿತು, ದುಡಿಯುವ ಶಕ್ತಿ ಮರಳಿತು. ಜೊತೆಗೆ, ಔಷಧದ ಖರ್ಚು ಏರಿದರೂ ಮನೆಯವರು ಕಾವಲು ಕೂರುವ ಹೊತ್ತು ಉಳಿದು ಲೆಕ್ಕ ಸರಿದೂಗಿತು. ಆಗ ಹೊಲಕ್ಕೆ ಹೋಗಲಾರದೆ ಮನೆಯಲ್ಲಿ ಕೂತಿದ್ದ ತಾಯಿ ಮತ್ತೆ ಕಳೆ ಕೀಳಲು ಹೋಗಬಹುದು ಎಂದು ಇದರ ಅರ್ಥ. ತೀರ್ಥಹಳ್ಳಿ, ತುರುವೇಕೆರೆ ತಾಲ್ಲೂಕುಗಳಲ್ಲಿ ಇಂಥ ಕೆಲಸ ವರ್ಷಗಟ್ಟಲೆ ನಡೆದಿದೆ. ಅಲ್ಲಿಯೂ ವರ್ಷಾನುಗಟ್ಟಲೆ ಔಷಧ ಕಾಣದವರು ಮನೆಮನೆಗಳಲ್ಲಿ ಸಿಕ್ಕರು.

ಇಷ್ಟು ಹೇಳಿದರೆ ಮೊದಲು ಬರುವ ಉತ್ತರ, ಮನೋವೈದ್ಯರೇ ಇಲ್ಲವಲ್ಲ, ಅವರ ಸಂಖ್ಯೆ ಹೆಚ್ಚಿಸಿ ಎಂಬುದು. ಹೆಚ್ಚಿಸಲಿ, ಬೇಡ ಎಂದವರಾರು? 2019ರ ಒಂದು ಅಂದಾಜಿನಂತೆ ದೇಶದಲ್ಲಿ ಸುಮಾರು 9,000 ಮನೋವೈದ್ಯರಿದ್ದರು, ಲಕ್ಷ ಜನಕ್ಕೆ 0.75. ಲಕ್ಷಕ್ಕೆ ಮೂವರಾದರೂ ಇರಬೇಕು ಎನ್ನುತ್ತಾರೆ. 140 ಕೋಟಿ ಜನಕ್ಕೆ ಅದು 42,000. ಉಳಿದ 33,000 ಮಂದಿ ಓದಿ ಬರುವ ಹೊತ್ತಿಗೆ ಈಗ ಕೋಣೆಯೊಳಗಿರುವ ಹುಡುಗ ಮುದುಕನಾಗಿರುತ್ತಾನೆ. ಬಂದವರೆಲ್ಲ ಸಿರುಗುಪ್ಪಕ್ಕೆ ಹೋಗಿ ಕೂರುತ್ತಾರೆಂಬ ಭರವಸೆಯೂ ಇಲ್ಲ. ನಗರದಲ್ಲೇ ಅವರಿಗೆ ಕೈತುಂಬ ಕೆಲಸವಿದೆ. ತಜ್ಞರು ಬೇಕಾದ ಕೆಲಸ ಬೇರೆಯೇ ಇದೆ: ಲಿಥಿಯಂ ಕೊಟ್ಟವರ ರಕ್ತ ನೋಡುತ್ತಿರಬೇಕು, ಕ್ಲೋಜಪಿನ್ ಕೊಟ್ಟವರ ಬಿಳಿ ರಕ್ತಕಣ ಎಣಿಸುತ್ತಿರಬೇಕು, ಬಾಣಂತಿಯ ತೀವ್ರ ಕಾಯಿಲೆಗೆ, ಸಾಯುವ ಮಾತಾಡುವವರಿಗೆ ಅನುಭವದ ಕಣ್ಣು ಬೇಕು. ಹಳೆಯ ಚೀಟಿಯನ್ನೇ ನೋಡಿ ಅದೇ ಮಾತ್ರೆ ಬರೆದುಕೊಡುವುದಕ್ಕೆ ಅವರ ಮಂಗಳವಾರವೆಲ್ಲ ಸವೆಯುವುದು ದುಂದುಗಾರಿಕೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಒಬ್ಬ ವೈದ್ಯರು. ಹೆರಿಗೆ, ಲಸಿಕೆ, ಡೆಂಗಿ, ಹಾವು ಕಚ್ಚಿದವರು, ಅದರ ಮೇಲೆ ಪೋರ್ಟಲ್‌ಗೆ ತುಂಬಬೇಕಾದ ಹತ್ತಾರು ನಮೂನೆ. ಇದರ ಮೇಲೆ ಮನಸ್ಸಿನ ಕಾಯಿಲೆಯನ್ನೂ ಹೊರಿಸುವುದು ಯಾವ ನ್ಯಾಯ? ಇದಕ್ಕೆ ನನ್ನ ಉತ್ತರ, ಆ ಹೊರೆ ಈಗಾಗಲೇ ಅವರ ಮೇಜಿನ ಮುಂದೆ ಕೂತಿದೆ. ತಲೆಭಾರ, ಮೈಕೈ ನೋವು, ಎದೆ ಡವಡವ, ಗ್ಯಾಸು, ಸುಸ್ತು, ಕೈಕಾಲು ಜೋಮು ಎಂದು ತಿಂಗಳಿಗೆ ಮೂರು ಸಲ ಬರುವ ಹೆಂಗಸು, ಪ್ರತಿ ಸಲವೂ ಬಿ ಕಾಂಪ್ಲೆಕ್ಸ್ ಪಡೆದು, ‘ಒಂದು ಸೂಜಿ ಹಾಕ್ಬಿಡಿ ಸಾರ್’ ಎಂದು ಬೇಡಿ ಹೋಗುವವಳು, ಖಿನ್ನತೆಯ ರೋಗಿ ಎಂದು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಅವಳ ಸಮಯವೂ ವೈದ್ಯರ ಸಮಯವೂ ಹೋಗುತ್ತಲೇ ಇದೆ. ‘ನಿದ್ದೆ ಹೇಗಿದೆಯಮ್ಮ, ಮನಸ್ಸಿಗೆ ಏನಾದರೂ ಬೇಜಾರಿದೆಯಾ?’ ಎಂದು ಒಮ್ಮೆ ಕೇಳುವುದು ಹತ್ತು ಸಲದ ಸೂಜಿಗಿಂತ ಕಡಿಮೆ ಹೊತ್ತು ತಿನ್ನುತ್ತದೆ. ಕಲಿಸುವ ದಾರಿಯೂ ಸುಧಾರಿಸಿದೆ. ತಾಲ್ಲೂಕಿನ ವೈದ್ಯರನ್ನು ವಾರಗಟ್ಟಲೆ ಬೆಂಗಳೂರಿಗೆ ಕರೆಸಿ ಪಾಠ ಹೇಳುವ ಬದಲು, ಅವರ ಕೇಂದ್ರದಲ್ಲೇ, ಅವರ ಮುಂದೆ ಕೂತ ನಿಜವಾದ ರೋಗಿಯನ್ನೇ ವಿಡಿಯೋದಲ್ಲಿ ನೋಡುತ್ತ ನಿಮ್ಹಾನ್ಸ್‌ನ ತಜ್ಞರು ಕಲಿಸುವ ಪದ್ಧತಿ ಕೆಲವು ಕಡೆ ನಡೆದಿದೆ. ಬಳ್ಳಾರಿಯ ತಿಂಗಳ ಭೇಟಿಯ ಹೊಸ ರೂಪ ಅದು. ತಜ್ಞರಲ್ಲದವರ ಕೈಗೆ ಕೊಟ್ಟರೆ ಬಡವರಿಗೆ ಎರಡನೆಯ ದರ್ಜೆಯ ಚಿಕಿತ್ಸೆ ಸಿಕ್ಕಂತಲ್ಲವೇ ಎನ್ನುವವರು ಪಕ್ಕದ ಗೋವಾವನ್ನು ನೋಡಬಹುದು. ಅಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿ 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೈದ್ಯರಲ್ಲದ ಆಪ್ತಸಲಹೆಗಾರರು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ, ಆತಂಕದವರಿಗೆ ನಿಜವಾದ ನೆರವಾದರು. ಖಾಸಗಿ ಕ್ಲಿನಿಕ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಬಡವರು ಹೋಗುವ ಜಾಗದಲ್ಲೇ ಫಲ ಕಂಡದ್ದು ಗಮನಿಸಬೇಕಾದ ಮಾತು.

ನಾನು ಪೂರ್ತಿ ಉತ್ತರ ಕೊಡಲಾರದ ಆಕ್ಷೇಪ ಒಂದಿದೆ. ಸುಮೀತ್ ಜೈನ್, ಸುಶ್ರುತ್ ಜಾಧವ್ ಎಂಬ ಸಂಶೋಧಕರು ಉತ್ತರ ಪ್ರದೇಶದ ಸಮುದಾಯ ಕಾರ್ಯಕ್ರಮವೊಂದನ್ನು ಹತ್ತಿರದಿಂದ ನೋಡಿ 2009ರಲ್ಲಿ ಬರೆದದ್ದು: ಜನರ ಬದುಕಿನ ಹತ್ತಿರ ಹೋಗುತ್ತೇವೆಂದು ಹೊರಟ ನೀತಿ ಕೊನೆಗೆ ಮಾತ್ರೆ ಹಂಚುವುದಕ್ಕೆ ಇಳಿಯಿತು, ಉಳಿದದ್ದನ್ನೆಲ್ಲ ಮಾತ್ರೆಯೇ ನುಂಗಿತು. ಸಾಲ, ಕುಡುಕ ಗಂಡ, ಬತ್ತಿದ ಬೋರ್‌ವೆಲ್ಲು ಇವುಗಳಿಗೆ ಮಾತ್ರೆ ಇಲ್ಲ, ನಿಜ. ತ್ರಿವೇಣಿಯವರ ‘ಶರಪಂಜರ’ವನ್ನು ಓದಿದವರಿಗೆ, ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿದವರಿಗೆ ಇದು ಹೊಸ ಮಾತೂ ಅಲ್ಲ. ಅಲ್ಲಿ ಕಾವೇರಿಗೆ ಚಿಕಿತ್ಸೆ ಸಿಗುತ್ತದೆ, ವಾಸಿಯೂ ಆಗುತ್ತದೆ. ಆಸ್ಪತ್ರೆ ಮಾಡಿದ್ದನ್ನು ಮನೆ ಕೆಡಿಸುತ್ತದೆ. ಆದರೆ ಆ ಕಥೆಯಿಂದ ಮಾತ್ರೆ ವ್ಯರ್ಥ ಎಂಬ ಅರ್ಥ ತೆಗೆಯಲು ಬರುವುದಿಲ್ಲ. ಮನೆಯವರ ಜೊತೆ ಮಾತಾಡುವವರು ಯಾರೂ ಇರಲಿಲ್ಲ ಎಂದು ನಾನು ಅದನ್ನು ಓದುತ್ತೇನೆ, ಮತ್ತು ಅಂಥ ಮಾತು ಊರಿನ ಹತ್ತಿರ ಇರುವವರಿಂದಷ್ಟೇ ಸಾಧ್ಯ. ಸಿ. ಆರ್. ಚಂದ್ರಶೇಖರ್ ನಿಮ್ಹಾನ್ಸ್‌ನಲ್ಲಿದ್ದುಕೊಂಡು ಕನ್ನಡದಲ್ಲಿ ಅಷ್ಟೊಂದು ಪುಸ್ತಕ ಬರೆದದ್ದು, ಶಿವಮೊಗ್ಗದಲ್ಲಿ ಮನೋವೈದ್ಯರಾಗಿದ್ದ ಅಶೋಕ್ ಪೈ ಕಥೆ, ಸಿನಿಮಾಗಳ ತನಕ ಹೋದದ್ದು ಈ ಮಾತಿನ ಕೊರತೆಯನ್ನು ಬಲ್ಲವರಾದ್ದರಿಂದಲೇ ಎಂದು ನನ್ನ ಊಹೆ.

‘ಜನರೇ ಬರುವುದಿಲ್ಲ, ಗಾಳಿ ಸೋಕು, ಮಾಟ ಎಂದು ಮಂತ್ರವಾದಿಗಳ ಹತ್ತಿರ ಹೋಗುತ್ತಾರೆ’ ಎಂಬ ದೂರು ಎಲ್ಲಕ್ಕಿಂತ ಹಳೆಯದು, ಹೇಳುವವರಿಗೆ ಎಲ್ಲಕ್ಕಿಂತ ಅನುಕೂಲದ್ದು ಕೂಡ. ಉಡುಪಿ ಕಡೆಯ ಕೋಟದಲ್ಲಿ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿ ವೈದ್ಯರು, ಮಂತ್ರವಾದಿಗಳು, ಮೈಮೇಲೆ ದೈವ ಬರುವ ಪಾತ್ರಿಗಳು ಎಲ್ಲರೂ ಇದ್ದರು, ಇಂಗ್ಲಿಷ್ ಮದ್ದಿನ ಡಾಕ್ಟರೂ ಇದ್ದರು. ಜನ ಎಲ್ಲರ ಹತ್ತಿರವೂ ಹೋಗುತ್ತಿದ್ದರು. ಒಂದಕ್ಕೊಂದು ವಿರೋಧ ಎಂದು ಅವರಿಗೆ ಅನ್ನಿಸಿರಲಿಲ್ಲ. ಅಂದರೆ ನಂಬಿಕೆ ಯಾರನ್ನೂ ಡಾಕ್ಟರ ಬಾಗಿಲಿನಿಂದ ಎಳೆದು ನಿಲ್ಲಿಸಿರಲಿಲ್ಲ. ಪಾತ್ರಿಯ ಅನುಕೂಲವೇನೆಂದರೆ ಅವನು ಊರಲ್ಲೇ ಇದ್ದಾನೆ, ಹೋದ ದಿನವೇ ಸಿಗುತ್ತಾನೆ, ಮನೆಯವರನ್ನೆಲ್ಲ ಕೂರಿಸಿಕೊಂಡು ಕೇಳುತ್ತಾನೆ. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದುಕೊಳ್ಳುತ್ತಿದ್ದ 31 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ಬರೆದರು. ಔಷಧವಿಲ್ಲದೆ, ಕಟ್ಟಿಹಾಕದೆ, ಮನೆಯವರೊಂದಿಗೆ ಇದ್ದು ಗುಡಿಯ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದವರ ಲಕ್ಷಣಗಳು ಶೇ 20ರಷ್ಟು ಇಳಿದಿದ್ದವು. ಇದನ್ನು ಓದಿ ಗುಡಿಯನ್ನೇ ಆಸ್ಪತ್ರೆ ಮಾಡೋಣ ಎನ್ನುವ ಉತ್ಸಾಹ ಬೇಡ. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಓಡಲಾರದೆ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರೂ ಎಲ್ಲೋ ಕಾದು ಸೋತವರೇ ಇರಬೇಕು.

ಈಗಿನ ಉತ್ತರ ಫೋನು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್‌ಗೆ, 14416 ಸಂಖ್ಯೆಗೆ, ಎರಡು ವರ್ಷ ತುಂಬುವ ಮೊದಲೇ 10 ಲಕ್ಷಕ್ಕೂ ಹೆಚ್ಚು ಕರೆ ಬಂದವು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್, ಕನ್ನಡದಲ್ಲೂ ಮಾತಾಡಬಹುದು. ನಡುರಾತ್ರಿ ಮಾತಿಗೊಬ್ಬರು ಸಿಗುವುದು ಎಷ್ಟೋ ಜನಕ್ಕೆ ಜೀವದ ಪ್ರಶ್ನೆ, ಅದನ್ನು ಹಗುರವಾಗಿ ಕಾಣಲಾರೆ. ಆದರೂ ಅನ್ನಕ್ಕೆ ವಿಷ ಬೆರೆಸಿದ್ದಾರೆಂದು ನಂಬಿದ ಹುಡುಗ ಫೋನು ಮಾಡುವುದಿಲ್ಲ. ಮಾಡಿದರೆ ಅವನ ಅಕ್ಕ ಮಾಡುತ್ತಾಳೆ. ಅವಳಿಗೆ ಆಚೆಯವರು ಕೊಡಬಹುದಾದ ಕೊನೆಯ ಸಲಹೆ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂಬುದೇ. ಫೋನು ಅವಳನ್ನು ಮತ್ತೆ ಅದೇ ಮಂಗಳವಾರದ ಸಾಲಿನ ಕೊನೆಗೆ ತಂದು ನಿಲ್ಲಿಸುತ್ತದೆ. ಆ ಸಾಲು ಎಷ್ಟು ಉದ್ದವೋ ಫೋನಿನ ಪ್ರಯೋಜನ ಅಷ್ಟು ಕಡಿಮೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಅದರ 18ನೆಯ ಕಲಮಿನ ಪ್ರಕಾರ ನಿಮ್ಮ ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆಗಳು ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಚಿಕಿತ್ಸೆ ಪಡೆಯಬಹುದು, ಖರ್ಚನ್ನು ಸರ್ಕಾರ ಭರಿಸಬೇಕು. ಬರೆದವರ ಮನಸ್ಸು ದೊಡ್ಡದು. ಆದರೆ ಎಷ್ಟು ದಿನದೊಳಗೆ ಎಂಬ ಮಾತು ಅಲ್ಲಿಲ್ಲ. ಗಡುವು ಹಾಕುವುದು ನಮಗೆ ತಿಳಿಯದ ವಿದ್ಯೆಯೇನೂ ಅಲ್ಲ. 2011ರಲ್ಲಿ ಇದೇ ಕರ್ನಾಟಕ ಸಕಾಲ ಕಾಯ್ದೆ ತಂದಿತು. ಜಾತಿ ಪ್ರಮಾಣಪತ್ರಕ್ಕೆ, ಖಾತೆ ಬದಲಾವಣೆಗೆ, ರೇಷನ್ ಕಾರ್ಡಿಗೆ ಇಷ್ಟು ದಿನ ಎಂದು ಗೊತ್ತು ಮಾಡಿ, ತಪ್ಪಿದರೆ ದಿನಕ್ಕೆ 20 ರೂಪಾಯಿ ಪರಿಹಾರ ಎಂದಿತು. 20 ರೂಪಾಯಿ ದೊಡ್ಡದಲ್ಲ, ದಿನವನ್ನು ಯಾರೋ ಎಣಿಸುತ್ತಿದ್ದಾರೆ ಎಂಬುದು ದೊಡ್ಡದು. ಕಾಗದಕ್ಕೆ ಕೊಟ್ಟ ಗಡುವನ್ನು ಕಾಯಿಲೆಗೆ ಕೊಡಲಿಲ್ಲ. ಗಡುವು ಬಂದರೆ ಪುಸ್ತಕದಲ್ಲಿ ಸುಳ್ಳು ತುಂಬುತ್ತಾರೆ ಎನ್ನುವುದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಅಂಕಿ ಕೇಳಿದಲ್ಲೆಲ್ಲ ಅಂಕಿ ಹುಟ್ಟುತ್ತದೆ, ಶಾಲೆಯ ಹಾಜರಿಯಿಂದ ಶೌಚಾಲಯದ ಲೆಕ್ಕದವರೆಗೆ ನೋಡಿದ್ದೇವೆ. ಆದರೆ ಈ ಅಂಕಿಯನ್ನು ಹೊಸದಾಗಿ ಹುಟ್ಟಿಸಬೇಕಾಗಿಯೇ ಇಲ್ಲ. ಮನೋರೋಗದ ಯಾವ ಕೇಸ್ ಹಾಳೆಯನ್ನಾದರೂ ತೆಗೆಯಿರಿ. ಹೆಸರು, ವಯಸ್ಸು, ಊರು, ಕರೆತಂದವರು ಯಾರು ಎಂಬುದರ ಕೆಳಗೆ ವೈದ್ಯರು ಬರೆಯುವ ಮೊದಲ ಸಂಗತಿಗಳಲ್ಲಿ ಒಂದು, ಕಾಯಿಲೆ ಶುರುವಾಗಿ ಎಷ್ಟು ಕಾಲವಾಯಿತು ಎಂಬುದು. ಮೂರು ತಿಂಗಳು. ಎರಡು ವರ್ಷ. ಒಂಬತ್ತು ವರ್ಷ. ಆಸ್ಪತ್ರೆಯ ಲಾಭಕ್ಕೆಂದು ಬರೆದದ್ದಲ್ಲ ಅದು, ಚಿಕಿತ್ಸೆಗೆ ಬೇಕಾಗಿ ಬರೆದದ್ದು, ಅದಕ್ಕೇ ಸುಳ್ಳು ಕಡಿಮೆ. ಹೊಸಬರ ಹಾಳೆಗಳಲ್ಲಿರುವ ಆ ಒಂದು ಸಾಲನ್ನು ತಾಲ್ಲೂಕುವಾರು ಕೂಡಿಸಿ ವರ್ಷಕ್ಕೊಮ್ಮೆ ಹೊರಗಿಟ್ಟರೆ ಸಾಕು. ಯಾವ ತಾಲ್ಲೂಕಿನವರು ಆರು ತಿಂಗಳಿಗೆ ಬರುತ್ತಾರೆ, ಯಾವ ತಾಲ್ಲೂಕಿನವರು ಐದು ವರ್ಷಕ್ಕೆ ಬರುತ್ತಾರೆ ಎಂಬುದು ಮೇಜಿನ ಮೇಲೆ ಬೀಳುತ್ತದೆ.

ಬಂದವರ ಲೆಕ್ಕವಷ್ಟೇ ಇದು, ಬಾರದವರ ಹಾಳೆಯೇ ಇರುವುದಿಲ್ಲವಲ್ಲ ಎಂದರೆ ಒಪ್ಪಬೇಕು. ಅದಕ್ಕೆ ಉಳಿದಿರುವುದು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ. ಬಿಪಿ, ಶುಗರ್, ಕ್ಯಾನ್ಸರ್ ಸುಳಿವು ಹುಡುಕಲೆಂದು ಅವಳಿಗೆ ಕೊಟ್ಟಿರುವ ನಮೂನೆಯಲ್ಲಿ ಈಗ ಮನಸ್ಸಿನ ಬಗ್ಗೆಯೂ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರದಲ್ಲಿ ಕೆಲಸದಲ್ಲಿ ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸು ಕುಗ್ಗಿದೆಯೇ. 30 ವರ್ಷ ದಾಟಿದವರನ್ನು ಕೇಳಬೇಕು, ಅಂಕ ಹಾಕಬೇಕು, ಹೆಚ್ಚು ಬಂದರೆ ಆಸ್ಪತ್ರೆಗೆ ಕಳಿಸಬೇಕು. ಎಷ್ಟೋ ದಿನದ ಮೇಲೆ ಬಂದ ಒಳ್ಳೆಯ ಹೆಜ್ಜೆ. ಆದರೆ ಚಿತ್ತವಿಕಲತೆ ಬಹುಮಟ್ಟಿಗೆ ಶುರುವಾಗುವುದು 30ರ ಒಳಗೆ. ನಮೂನೆಯ ಪ್ರಶ್ನೆಗೆ ಜಗುಲಿಯ ಮೇಲೆ ಕೂತು ಉತ್ತರಿಸುವವರು ಬಾಗಿಲು ತೆರೆದವರು. ಹಿಂದಿನ ಕೋಣೆಯಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ಕೇಳಲು ಆ ಹಾಳೆಯಲ್ಲಿ ಜಾಗವಿಲ್ಲ. ಮೂರನೆಯದಾಗಿ ಅದೊಂದನ್ನೂ ಕೇಳು ಎಂದು ಅವಳಿಗೆ ಹೇಳಬಹುದು, ಅವಳು ಕೇಳಿಯೂ ಬಂದಾಳು. ಕೇಳಿ ಹೆಸರು ಬರೆದುಕೊಂಡು ಬಂದ ವಾರ ಹೋಬಳಿಯ ಆಸ್ಪತ್ರೆಯಲ್ಲಿ ಮಾತ್ರೆ ಇರಬೇಕು.